ಗಾಡಿ ನಂಬರಿಲ್ಲದ ಗೃಹಪ್ರವೇಶ

ಮಲೇಷ್ಯಾದ ನಿಲಾಯ್‌ನಲ್ಲಿ ರಸ್ತೆ ಮೇಲೆ ನಡೆಯುವ ಜೀವಿಗಳು ಎರಡೇ ಜಾತಿ: ಬೀದಿನಾಯಿಗಳು ಮತ್ತು ನಾವು. ನಾಯಿಗಳೇ ನಮ್ಮನ್ನು ಕಂಡು ಪಾಪ ಅನ್ನುವ ಹಾಗೆ ನೋಡುತ್ತಿದ್ದವು. ಅಪ್ಪ ಮಣಿಪಾಲದಿಂದ ಇಲ್ಲಿನ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದು ಹತ್ತು ದಿನವಾಗಿತ್ತು. ಕಾರಿರಲಿಲ್ಲ. ಬಾಡಿಗೆಗೆ ಸಿಕ್ಕ ಅಪಾರ್ಟ್‌ಮೆಂಟಿನ ಜೊತೆ ಮಾತ್ರ ಎರಡು ಪಾರ್ಕಿಂಗ್ ಬಂದಿದ್ದವು, ಬೋಳುತಲೆಯವನಿಗೆ ಜೋಡಿ ಬಾಚಣಿಗೆ ಸಿಕ್ಕ ಹಾಗೆ.

ಮನೆ ತೋರಿಸಲು ಏಜೆಂಟ್ ತನ್ನ ಕಾರಿನಲ್ಲೇ ಕರೆದೊಯ್ದಿದ್ದ. ಹಾಗಾಗಿ ಅಲ್ಲಿ ನಡೆದು ಬರುವವರಿಗೆ ಗೇಟೇ ಇಲ್ಲವೆಂದು ಗೊತ್ತಾದದ್ದು ಶುಕ್ರವಾರ, ಹಾಲು ಉಕ್ಕಿಸಲು ಹೊರಟಾಗ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹಾಲು ಉಕ್ಕದಿದ್ದರೆ ಆ ಮನೆಗೆ ಕಾಲಿಡುವುದಿಲ್ಲ ಎಂದು ಅಮ್ಮ ಘೋಷಿಸಿದ್ದಳು. ಗೆಸ್ಟ್‌ಹೌಸ್ ಖಾಲಿ ಮಾಡಿಯಾಗಿತ್ತು. ಅಲ್ಲಿಂದ ಕೇಳಿ ತಂದ ಲಗೇಜ್ ಟ್ರಾಲಿಯ ಮೇಲೆ ನಮ್ಮ ಇಡೀ ಸಂಸಾರ. ತುದಿಯಲ್ಲಿ ದೇವರು, ನನ್ನ ಕೈಯಲ್ಲಿ ಹಾಲು. ಮೆರವಣಿಗೆಗೆ ಚೆಂಡೆಯೊಂದೇ ಕಮ್ಮಿ.

ನೇಪಾಳದ ಗಾರ್ಡ್ ರಿಜಿಸ್ಟರ್ ತೆರೆದು ಹಿಂದಿಯಲ್ಲಿ ಕೇಳಿದ, "ಗಾಡಿ ನಂಬರ್?"

"ಗಾಡಿ ಇಲ್ಲ. ನಾನು ಡಾಕ್ಟರ್," ಎಂದರು ಅಪ್ಪ.

"ಡಾಕ್ಟರಿಗೆ ಕಾರಿಲ್ಲವಾ?" ಅವನಿಗೆ ಅಪ್ಪನ ಡಿಗ್ರಿ ಮೇಲೇ ಅನುಮಾನ ಬಂತು. "ನಂಬರ್ ಬರೆಯದೆ ಗೇಟ್ ಎತ್ತುವ ಹಾಗಿಲ್ಲ ಸಾರ್, ಮೇಲೆ ಕ್ಯಾಮೆರಾ ಇದೆ."

ಐವತ್ತು ಮೀಟರ್ ದೂರಕ್ಕೆ ಆ್ಯಪ್‌ನಲ್ಲಿ ಕಾರು ಕರೆದೆವು. ಮೂವರು ಡ್ರೈವರ್‌ಗಳು ಕ್ಯಾನ್ಸಲ್ ಮಾಡಿದರು. ಮೂರನೆಯವನು ನಡೆದೇ ಹೋಗಿ ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಮೆಸೇಜನ್ನೂ ಕಳಿಸಿದ: "ವಾಕ್ ಲಾ!"

ಗಂಟೆ ಹತ್ತೂ ಹದಿನೆಂಟು.

"ಎಂತ ಮಾರಾಯ್ರೆ, ಮನುಷ್ಯರ ಹೊಟ್ಟೆ ಕೊಯ್ಲಿಕ್ಕೆ ಕಲಿಸ್ತೀರಿ, ಒಂದು ಗೇಟ್ ದಾಟ್ಲಿಕ್ಕೆ ಬರುದಿಲ್ವಾ?" ಎಂದಳು ಅಮ್ಮ.

"ಇದು ಸಿಲೆಬಸ್‌ನಲ್ಲಿ ಇಲ್ಲ ಮಾರಾಯ್ತಿ."

ಅಷ್ಟರಲ್ಲಿ ಅಮ್ಮನ ಕಣ್ಣು ಗಾರ್ಡ್ ರೂಮಿನ ಎಲೆಕ್ಟ್ರಿಕ್ ಕೆಟಲ್ ಮೇಲೆ ಬಿತ್ತು. ಕುಂದಾಪುರದ ಹಿಂದಿಯಲ್ಲಿ ಅವಳು ಮುಹೂರ್ತದ ಕಷ್ಟ ಹೇಳಿದ್ದೇ ತಡ, ಗಾರ್ಡ್ ಎದ್ದು ಟೋಪಿ ಸರಿಮಾಡಿಕೊಂಡ. ಮುಹೂರ್ತ ಮೀರಿದರೆ ಅವನ ಊರಲ್ಲೂ ಕೆಟ್ಟದ್ದೇ. ಗೇಟ್ ಎತ್ತಲಾರ, ಆದರೆ ಕೆಟಲ್ ಕೊಡಬೇಡ ಎಂದು ರಿಜಿಸ್ಟರ್‌ನಲ್ಲಿ ಎಲ್ಲೂ ಬರೆದಿರಲಿಲ್ಲ.

"ಅಮ್ಮಾ, ಇದು ನಮ್ಮ ಮನೆ ಅಲ್ವಲ್ಲ?"

"ಕಾಂಪೌಂಡ್ ಒಂದೇ ಅಲ್ವಾ? ನಿನ್ನ ಲಾ ಪಾಯಿಂಟ್ ಬಿಟ್ಟು ಹಾಲು ಹೊಯ್ಯಿ."

ಹತ್ತೂ ಇಪ್ಪತ್ತೆಂಟಕ್ಕೆ ಹಾಲು ಉಕ್ಕಿತು. ಉಕ್ಕಿ ಪೂರ್ವಕ್ಕೇ ಹರಿಯಿತು. ಪೂರ್ವಕ್ಕೆ ರಿಜಿಸ್ಟರ್ ಇತ್ತು.

ಗಾರ್ಡ್ ಸಕ್ಕರೆ ಹಾಕಿದ ಹಾಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಒದ್ದೆ ಹಾಳೆಯನ್ನು ನೋಡಿದ, ಕ್ಯಾಮೆರಾ ನೋಡಿದ, ಕೊನೆಗೆ ನಮ್ಮ ಟ್ರಾಲಿಯ ಹಿಡಿಯ ಮೇಲೆ ಬಳಿದಿದ್ದ ಏಳು ಎಂಬ ಅಂಕಿಯನ್ನು ನೋಡಿದ. ಹೊಸ ಹಾಳೆ ತಿರುಗಿಸಿ ಬರೆದ: ಗಾಡಿ ನಂಬರ್ ಏಳು, ಬಣ್ಣ ಬೆಳ್ಳಿ. ಗೇಟ್ ಎದ್ದಿತು. ಮಂತ್ರಿಗೆ ಹೊಡೆಯುವಂಥ ಸೆಲ್ಯೂಟ್ ಬೇರೆ! ಅಪ್ಪ ಟ್ರಾಲಿಯನ್ನು ಎಡಕ್ಕೆ ತಿರುಗಿಸುವಾಗ ಕೈ ಚಾಚಿ ಸಿಗ್ನಲ್ ಕೊಟ್ಟರು.

ಅಮ್ಮ ಬಲಗಾಲಿಟ್ಟು ಒಳಗೆ ಬಂದಳು. ಟ್ರಾಲಿ ವಾಪಸ್ ಹೋಗುವವರೆಗೆ ನಮ್ಮ ಪಾರ್ಕಿಂಗಿನಲ್ಲಿ, ಗೆರೆಗಳ ನಟ್ಟನಡುವೆ, ಗತ್ತಿನಿಂದ ನಿಂತಿತ್ತು.

ತಿಂಗಳೊಳಗೆ ಗಾರ್ಡ್ ರೂಮಿಗೆ ಹೊಸ ಎ.ಸಿ. ಬಂತು. ನಮ್ಮ ಎ.ಸಿ. ಮೊದಲ ದಿನದಿಂದಲೂ ತೊಟ್ಟಿಕ್ಕುತ್ತಿದೆ. ಹಾಲು ಉಕ್ಕಿದಲ್ಲಿಗೆ ಲಕ್ಷ್ಮಿ ಬರುತ್ತಾಳಂತೆ. ಬಂದಿದ್ದಾಳೆ, ಪಾಪ, ಅವಳೂ ನಡೆದೇ ಬಂದಿರಬೇಕು, ಗೇಟಿನಲ್ಲೇ ನಿಂತುಬಿಟ್ಟಿದ್ದಾಳೆ.