ಹಲಗೆ ಹಿಡಿಯುವ ಕಾಲು

ಶ್ರೀನಿವಾಸಪುರದ ಬಡಗಿ ಸುಬ್ಬರಾಯಣ್ಣನ ಕಥೆ ಬರೆಯುವುದಕ್ಕೆ ನನಗಿಂತ ಹೆಚ್ಚಿನ ಹಕ್ಕು ಇನ್ನೊಬ್ಬನಿಗಿಲ್ಲ. ಕೆತ್ತನೆ ಯಂತ್ರಕ್ಕೆ ಅವನು ಮಾಡಿದ ಹಲಗೆ ಹಿಡಿಯಲ್ಲಿ, ಅಂದರೆ ಹಲಗೆ ಅಲುಗದಂತೆ ಹಿಡಿದಿಡುವ ಸಾಧನದಲ್ಲಿ, ಇರುವುದು ನನ್ನ ಪಾದ. ಬೇರೆ ಯಾರಾದರೂ ಆ ಕೀರ್ತಿಯಲ್ಲಿ ಪಾಲು ಕೇಳಿಕೊಂಡು ಬಂದರೆ ಪೆದ್ದಪ್ಪನೆಂಬ ಹೆಸರಿನ ನಾನು ಸುಮ್ಮನೆ ಬಿಡುವವನಲ್ಲ.

ನಮ್ಮ ಕಡೆ ಬಡಗಿ ನೆಲದ ಮೇಲೆ ಕೂತು ಕೆತ್ತುತ್ತಾನೆ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಕೊಡತಿ. ಹಾಗಾಗಿ ಹಲಗೆಯನ್ನು ಹಿಡಿದುಕೊಳ್ಳುವ ಕೆಲಸ ಪಾದಗಳದು. ಹೆಬ್ಬೆರಳು ಚೂರು ಸಡಿಲವಾದರೆ ಹಲಗೆ ಸರಿಯುತ್ತದೆ, ಕೆತ್ತುತ್ತಿದ್ದ ನವಿಲಿನ ಕತ್ತು ಹಾರುತ್ತದೆ. ಸುಬ್ಬರಾಯಣ್ಣನ ಕಾಲಡಿಯಿಂದ ಹಲಗೆ ಎಳೆಯುತ್ತೇವೆಂದು ನಾವು ಮೂವರು ಪಂದ್ಯ ಕಟ್ಟಿ ಸೋತಿದ್ದೇವೆ. ಮುಳಬಾಗಿಲಿನಿಂದ ಮಾಲೂರಿನವರೆಗೆ ಎಷ್ಟೋ ಮನೆಗಳ ಬಾಗಿಲಲ್ಲಿ ಅವನ ಕೈಯ ಕೆಲಸವಿತ್ತು. ನನಗೆ ಉಳಿ ಹಿಡಿಯುವುದನ್ನು ಕಲಿಸಿದವನೂ ಅವನೇ.

೧೯೩೪ರಲ್ಲಿ ಗಾಡಿಯಿಂದ ದಿಮ್ಮಿ ಇಳಿಸುವಾಗ ಅದು ಅವನ ಎಡಗಾಲಿನ ಮೇಲೆ ಉರುಳಿತು. ಕೋಲಾರದ ಆಸ್ಪತ್ರೆಯಲ್ಲಿ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳನ್ನೂ ತೆಗೆದರು. ಊರಿಗೆ ಬಂದು ಕುಂಟುತ್ತಲೇ ನಡೆದಾಡಿದ. ಆದರೆ ಹಲಗೆ ಮಾತ್ರ ಅವನ ಕಾಲಿಗೆ ನಿಲ್ಲಲಿಲ್ಲ. ಬಲಗಾಲೊಂದರಲ್ಲೇ ಅದುಮಿ ನೋಡಿದ, ಮೊಣಕಾಲೂರಿ ನೋಡಿದ, ಹಗ್ಗ ಕಟ್ಟಿಯೂ ನೋಡಿದ. ಕೊನೆಗೊಂದು ದಿನ ಉಳಿಯ ಚೀಲವನ್ನು ಹೆಂಡತಿ ಭಾರತಮ್ಮನ ಕೈಗೆ ಕೊಟ್ಟು, "ಇದನ್ನ ಯಾರಿಗಾದ್ರೂ ಮಾರ್ಬಿಡೇ" ಅಂದನಂತೆ. ಆಮೇಲೆ ಅವನು ಮೊದಲು ಕೆತ್ತುತ್ತಿದ್ದ, ನಮ್ಮ ಯಜಮಾನರಾದ ನರಸಿಂಹಪ್ಪನವರ ಕಾರ್ಖಾನೆಯಲ್ಲೇ ನಮ್ಮೆಲ್ಲರ ಉಳಿ ಮಸೆದುಕೊಡುವ ಕೆಲಸ ಅವನ ಪಾಲಿಗೆ ಬಂತು. ನನ್ನ ಗುರು ನನ್ನ ಉಳಿ ಮಸೆಯುತ್ತ ಕೂತಿದ್ದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಗೊತ್ತಾಗುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೇ ಕಳೆಯಿತು. ಆಗ ನರಸಿಂಹಪ್ಪನವರು ಮದ್ರಾಸಿನಿಂದ ಹಳೆಯದೊಂದು ಕೆತ್ತನೆ ಯಂತ್ರ ತಂದರು. ಕಾರ್ಖಾನೆಯ ಎಂಜಿನ್ನಿನಿಂದ ಬೆಲ್ಟು ಕೊಟ್ಟು ಅದನ್ನು ತಿರುಗಿಸಿದರು. ಅದಕ್ಕೆ ಜೋಡಿಯಾಗಿ ಓಡಾಡುವ ಎರಡು ಕಡ್ಡಿಗಳು. ಮೊಂಡು ಕಡ್ಡಿಯನ್ನು ಮೊದಲೇ ಕೆತ್ತಿಟ್ಟ ಮಾದರಿಯ ಮೇಲೆ ಆಡಿಸಬೇಕು. ಇನ್ನೊಂದರ ತುದಿಯಲ್ಲಿ ಗಿರಗಿರನೆ ತಿರುಗುವ ಹರಿತವಾದ ಮೊನೆ. ಅದು ಪಕ್ಕದ ಹೊಸ ಹಲಗೆಯ ಮೇಲೆ ಅದೇ ಹೂವು, ಅದೇ ಬಳ್ಳಿ ಕೊರೆಯುತ್ತದೆ. ಸುಬ್ಬರಾಯಣ್ಣನ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು! ನಿಂತುಕೊಂಡು ಕೆತ್ತುವ ಕೆಲಸ, ಕಾಲಿನ ಬೆರಳೇ ಬೇಕಿಲ್ಲ!

"ಸ್ವಾಮಿ, ಇದನ್ನ ನಾನು ನಡೆಸ್ತೀನಿ. ನನಗೇ ಕೊಡಿ" ಅಂತ ಎಲ್ಲರೆದುರು ಕೇಳಿಬಿಟ್ಟ. ಯಜಮಾನರು ಹೂಂ ಅಂದರು.

ತೊಂದರೆ ಏನೆಂದರೆ, ಹಲಗೆಯನ್ನು ಹಿಡಿದಿಡುವ ಸಾಧನ ಯಂತ್ರದ ಜೊತೆಗೆ ಬಂದಿರಲಿಲ್ಲ. ಸುಬ್ಬರಾಯಣ್ಣ ಮೊದಲು ನಾಲ್ಕು ಮೂಲೆಗೆ ಮೊಳೆ ಹೊಡೆದ. ಮೊನೆ ಮೊಳೆಗೆ ತಾಗಿ ಚಟ್ಟನೆ ಮುರಿದು, ಯಜಮಾನರ ಪೇಟದ ಪಕ್ಕದಲ್ಲೇ ಹಾರಿ ಗೋಡೆಗೆ ನಾಟಿಕೊಂಡಿತು. ಆಮೇಲೆ ಮೇಲಿನಿಂದ ಕಬ್ಬಿಣದ ಪಟ್ಟಿ ಬಿಗಿದ. ಓಡಾಡುವ ಕಡ್ಡಿ ಪಟ್ಟಿಗೆ ಡಿಕ್ಕಿ ಹೊಡೆದು, ಕೆತ್ತುತ್ತಿದ್ದ ಗಿಳಿಗೆ ಎರಡು ಕೊಕ್ಕು ಮೂಡಿತು. "ಒಂದ್ರಲ್ಲಿ ಹಣ್ಣು ತಿನ್ನುತ್ತೆ, ಇನ್ನೊಂದ್ರಲ್ಲಿ ನಿನ್ನ ಬೈಯುತ್ತೆ ಬಿಡಣ್ಣ" ಅಂದೆ. ಅವನು ನಗಲಿಲ್ಲ.

ಮೂರನೆಯ ಸಲ ಬೆಣೆ. ಹಲಗೆಯ ಒಂದು ಪಕ್ಕಕ್ಕೆ ಅಲುಗಾಡದ ಪಟ್ಟಿ, ಇನ್ನೊಂದು ಪಕ್ಕಕ್ಕೆ ಬೆಣೆ. ಇಲ್ಲಿ ನಮ್ಮ ಬಡಗಿ ಬುದ್ಧಿಯೇ ಕೆಲಸ ಕೆಡಿಸಿತು. ಗಾಡಿಯಾಗಲಿ, ನೇಗಿಲಾಗಲಿ, ಏಟಿನ ಸದ್ದು ಬದಲಾಗುವವರೆಗೆ ಬೆಣೆ ಹೊಡೆದೇ ನಮಗೆ ಅಭ್ಯಾಸ. ಅವನೂ ಹಾಗೇ ಹೊಡೆದ. ಅರ್ಧ ಅಂಗುಲದ ಮಾವಿನ ಹಲಗೆ, ಬಿಗಿ ತಾಳಲಾರದೆ ನಡುವೆ ಹಪ್ಪಳದ ಹಾಗೆ ಉಬ್ಬಿತು. ಉಬ್ಬಿದ ಜಾಗದಲ್ಲಿ ಮೊನೆ ಆಳಕ್ಕೆ ಇಳಿದು, ಕಮಲದ ನಟ್ಟನಡುವೆ ತೂತು ಬಿತ್ತು.

ಯಜಮಾನರ ತಾಳ್ಮೆ ಅಲ್ಲಿಗೆ ಮುಗಿಯಿತು. ಕೋಲಾರದವರಿಗೆ ಹನ್ನೆರಡು ಮಂಚಗಳ ತಲೆಹಲಗೆ ಕೆತ್ತಿಸಿಕೊಡಲು ಅವರು ಒಪ್ಪಿಕೊಂಡಿದ್ದರು.

"ನೋಡು ಸುಬ್ಬರಾಯ, ಸೋಮವಾರ ಒಂದೇ ಒಂದು ಹಲಗೆ ಸರಿಯಾಗಿ ಬರ್ಬೇಕು. ಬರ್ಲಿಲ್ವೋ, ಮಂಗಳವಾರ ಯಂತ್ರ ವಾಪಸ್ ಮದ್ರಾಸಿಗೆ, ನೀನು ವಾಪಸ್ ಸಾಣೆಕಲ್ಲಿಗೆ" ಅಂದರು. ಸೋಮವಾರಕ್ಕೆ ಇದ್ದದ್ದು ನಾಲ್ಕು ದಿನ.

ಮಾರನೆಯ ಬೆಳಿಗ್ಗೆ ನಾನು ಕೆತ್ತುತ್ತಿದ್ದಾಗ ಸುಬ್ಬರಾಯಣ್ಣ ಎದುರಿಗೆ ಬಂದು ಕೂತ. ನನ್ನ ಕೈಯನ್ನು ನೋಡಲಿಲ್ಲ, ಪಾದವನ್ನೇ ನೋಡಿದ. ತುಂಬ ಹೊತ್ತು ನೋಡಿ, ಬೋಗುಣಿಯಲ್ಲಿ ಕೆಮ್ಮಣ್ಣು ಕಲಸಿ ತಂದು, ನೇರ ನನ್ನ ಕಾಲಿಗೆ ಕೈ ಹಾಕಿದ. ನಾನು ಹೌಹಾರಿ ಎದ್ದು ನಿಂತೆ.

"ಏನಣ್ಣ ಇದು! ಗುರು ಆಗಿ ನನ್ನ ಕಾಲು ಮುಟ್ತೀಯಾ? ಪಾಪ ಸುತ್ಕೊಳ್ಳಲ್ವಾ ನನಗೆ?"

"ಲೇ, ಪಾಪ ಪುಣ್ಯ ಎಲ್ಲ ಸೋಮವಾರ ಆದ್ಮೇಲೆ ನೋಡ್ಕೊಳ್ಳೋಣ. ಕಾಲು ಕೊಡೋ!"

"ಕೊಡಲ್ಲ ಅಂದ್ರೆ ಕೊಡಲ್ಲ."

"ಹಾಗಾದ್ರೆ ನೀನೇ ಬಳ್ಕೊಂಡು ಸಾಯಿ!"

ಬಳಿದುಕೊಂಡೆ. ಎರಡೂ ಪಾದಕ್ಕೆ ಕೆಮ್ಮಣ್ಣು ಮೆತ್ತಿಕೊಂಡು, ಹೊಸ ಹಲಗೆಯೊಂದನ್ನು ಅದುಮಿ ಹಿಡಿದು ಕೂತೆ. ಅವನು ಹಲಗೆಯನ್ನು ತಳ್ಳಿದ, ಎಳೆದ, ಕೊಡತಿಯಿಂದ ನಾಲ್ಕು ಏಟು ಹಾಕಿದ. ಆಮೇಲೆ ನನ್ನ ಕಾಲು ತೆಗೆಸಿ ನೋಡಿದ. ಹಲಗೆಯ ಪಕ್ಕಕ್ಕೆ ಕೆಂಪು ಹತ್ತಿತ್ತು. ಅಂಚಿನ ಮೇಲೂ ಅರ್ಧ ಬೆರಳಿನಷ್ಟು ಅಗಲ ಕೆಂಪು ಹತ್ತಿತ್ತು. ಸುಬ್ಬರಾಯಣ್ಣ ಹಲಗೆ ಎತ್ತಿಕೊಂಡು ಬಿಸಿಲಿಗೆ ಓಡಿದ, ಆ ಕುಂಟುಗಾಲಲ್ಲೇ ಓಡಿದ!

"ಬಾರೋ ಇಲ್ಲಿ! ಪಾದ ಬರೀ ಪಕ್ಕದಿಂದ ಒತ್ತಲ್ಲ ಕಣೋ. ಒತ್ತುತ್ತಾ ಒತ್ತುತ್ತಾ ಕೆಳಕ್ಕೂ ಅದುಮುತ್ತೆ! ಇಪ್ಪತ್ತು ವರ್ಷ ಹಿಡಿದವನು ನಾನು, ನನಗೇ ಗೊತ್ತಿರ್ಲಿಲ್ವಲ್ಲೋ!"

ಅಲ್ಲಿಂದ ಅವನಿಗೆ ಊಟದ ಮೇಲೂ ನಿಗಾ ಇರಲಿಲ್ಲ. ದಪ್ಪ ಮಣೆಯೊಂದರ ಮೇಲೆ ಹುಣಸೆ ಮರದ ಎರಡು ತುಂಡುಗಳನ್ನು ಎದುರುಬದುರು ಕೂರಿಸಿದ. ಹಲಗೆಯ ಅಂಚನ್ನು ಮೇಲಿನಿಂದ ಅದುಮುವುದಕ್ಕೆ ಒಂದೊಂದು ತುಂಡಿಗೂ ಮುಂದಕ್ಕೆ ಚಾಚಿದ ಸಣ್ಣ ತುಟಿ. ತುಂಡುಗಳ ಬೆನ್ನು ಓರೆ. ಹಿಂದಿನಿಂದ ಬೆಣೆ ಹೊಡೆದಷ್ಟೂ ಅವು ಹಲಗೆಯ ಕಡೆಗೂ ಸರಿಯಬೇಕು, ಕೆಳಕ್ಕೂ ಜಾರಬೇಕು. ಅದೇ ಶುಕ್ರವಾರ ಸಂಜೆ ಓರೆ ಹೆಚ್ಚಾಗಿ ಒಂದು ತುಂಡು ಸಿಡಿದು ನನ್ನ ಮೊಣಕಾಲಿಗೆ ಬಡಿಯಿತು. ಓರೆ ಇಳಿಸಿದ. ಶನಿವಾರ ತುಟಿ ದಪ್ಪವಾಗಿ ಮೊನೆಗೆ ಅಡ್ಡ ಬಂತು. ತುಟಿ ಹೆರೆದ. ಭಾನುವಾರ ಎಲ್ಲ ಸರಿಯಾಗಿ ಕೂತರೂ ಹಲಗೆ ಕೂದಲೆಳೆಯಷ್ಟು ಜಾರುತ್ತಿತ್ತು. ಸುಬ್ಬರಾಯಣ್ಣ ಮನೆಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ತನ್ನ ಹಳೆಯ ಎಡಗಾಲಿನ ಚಪ್ಪಲಿ ತಂದ. ಅದರ ತೊಗಲು ಕತ್ತರಿಸಿ ಎರಡು ತುಂಡುಗಳ ಮುಖಕ್ಕೂ ಅಂಟಿಸಿದ.

"ಪಾದ ಅಂದ್ಮೇಲೆ ಚರ್ಮ ಬೇಡ್ವೇನೋ?" ಅಂದ. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದನ್ನು ಅವತ್ತು ನೋಡಿದೆ.

ಸೋಮವಾರ ಕಾರ್ಖಾನೆಯ ತುಂಬ ಜನ. ಭಾರತಮ್ಮನೂ ಬುತ್ತಿ ತರುವ ನೆಪದಲ್ಲಿ ಬಂದು ಬಾಗಿಲ ಪಕ್ಕ ನಿಂತಿದ್ದಳು. ಸುಬ್ಬರಾಯಣ್ಣ ತಲೆಹಲಗೆಯನ್ನು ಇಟ್ಟು ಬೆಣೆಗೆ ಎರಡೇ ಏಟು ಹಾಕಿದ. ಬೆಲ್ಟು ಓಡಿತು. ಮೊನೆ ಗುಂಯ್‌ಗುಟ್ಟುತ್ತ ಹಲಗೆಗೆ ಇಳಿಯಿತು. ಬಳ್ಳಿ ಬಂತು, ಎಲೆ ಬಂತು, ಗಿಳಿ ಬಂತು, ಒಂದೇ ಕೊಕ್ಕು! ಕಮಲದ ನಡುವೆ ಮೊನೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಯಜಮಾನರು ಹಲಗೆಯ ತಳಕ್ಕೆ ಕೈಯಾಡಿಸಿ ನೋಡುತ್ತಿದ್ದರು. ತೂತಿರಲಿಲ್ಲ.

"ಬಾಗುಂದಯ್ಯಾ, ಬಾಗುಂದಿ!" ಅಂತ, ಚೆನ್ನಾಗಿದೆ ಅನ್ನುವುದಕ್ಕೆ ಯಜಮಾನರು ಸಂತೋಷದಲ್ಲಿ ತೆಲುಗಿಗೇ ಇಳಿದರು. ನಾನು ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ಇಷ್ಟು ಗದ್ದಲದ ನಡುವೆ ಸುಬ್ಬರಾಯಣ್ಣ ಏನು ಮಾಡಿದ ಗೊತ್ತೇ? ಹಿಡಿಯಿದ್ದ ಮಣೆಯನ್ನೇ ಯಂತ್ರದಿಂದ ಬಿಚ್ಚತೊಡಗಿದ.

"ಏಯ್, ಅದನ್ನ ಯಾಕೆ ಬಿಚ್ತೀಯಾ?" ಯಜಮಾನರು ಗಾಬರಿಯಾದರು.

"ಒಂದು ಗಳಿಗೆ ಸ್ವಾಮಿ" ಅಂದ. ಮಣೆಯನ್ನು ತಂದು ನೆಲದ ಮೇಲಿಟ್ಟ, ನಾಲ್ಕು ವರ್ಷದ ಹಿಂದೆ ಅವನು ಕೂರುತ್ತಿದ್ದ ಜಾಗದಲ್ಲೇ. ಚಿಕ್ಕದೊಂದು ಹಲಗೆ ಸೇರಿಸಿ ಬೆಣೆ ಹೊಡೆದ. ಅದರ ಮುಂದೆ ಕೂತು, ಉಳಿಗಾಗಿ ನನ್ನ ಕಡೆ ಕೈ ಚಾಚಿದ.

ನಾನು ಕೊಡುವ ಮೊದಲೇ ಭಾರತಮ್ಮ ಬುತ್ತಿಯ ಕೆಳಗಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅವನ ಮುಂದಿಟ್ಟಳು. ಬಿಚ್ಚಿದರೆ ಅವನದೇ ಉಳಿಗಳು. ಹೊಂಗೆ ಎಣ್ಣೆ ಹಚ್ಚಿಟ್ಟಿದ್ದಕ್ಕೆ ಒಂದು ಚುಕ್ಕೆ ತುಕ್ಕು ಇರಲಿಲ್ಲ.

"ಮಾರು ಅಂದಿದ್ನಲ್ಲೇ" ಅಂದ.

"ಕೊಳ್ಳೋರ್ನ ಹುಡುಕಿದ್ರೆ ತಾನೇ ಸಿಗೋದು" ಅಂದಳು ಭಾರತಮ್ಮ.

ಸುಬ್ಬರಾಯಣ್ಣ ಉಳಿ ಇಟ್ಟು ಕೊಡತಿ ಎತ್ತಿದ. ಹಲಗೆ ಅಲುಗಲಿಲ್ಲ, ಮೊದಲ ಚಕ್ಕೆ ಸುರುಳಿಯಾಗಿ ಎದ್ದು ಬಿತ್ತು. ಅವನ ಎಡಗಾಲು ಪಕ್ಕದಲ್ಲಿ ಸುಮ್ಮನೆ ಚಾಚಿಕೊಂಡಿತ್ತು.