ಅಂಚೆ ಗಾಡಿಗೆ ಇನ್ನೆರಡು ದೀಪ

ಲೋರ್ನಾ ಪಿಕರಿಂಗ್ ತನ್ನ ಗಾಡಿಗೆ ಇನ್ನೆರಡು ದೊಡ್ಡ ದೀಪ ಹಾಕಿಸುತ್ತಾಳಂತೆ ಎಂಬ ಸುದ್ದಿ ಬಂದಾಗ ಊರಲ್ಲಿ ಯಾರೂ ನಂಬಲಿಲ್ಲ. ಅಂಥ ದೀಪ ಹಾಕಿಸುವವರು ಸಮುದ್ರದ ಕಡೆಯ ಪಟ್ಟಣದವರು. ಫೋರ್-ವೀಲ್ ಡ್ರೈವ್ ಗಾಡಿಗೆ ಮದುವಣಗಿತ್ತಿಯಂತೆ ಸಿಂಗಾರ ಮಾಡಿಕೊಂಡು ಬಂದು, ಮೊದಲ ಹಳ್ಳದ ಮರಳಲ್ಲೇ ಹೂತುಕೊಂಡು, ನಮ್ಮ ಟ್ರ್ಯಾಕ್ಟರಿಗೆ ಕಾದು ಕೂರುವ ಜನ. ಲೋರ್ನಾ ಅಂಥವಳಲ್ಲ. ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಈ ಕೆಂಪು ನೆಲದಲ್ಲಿ ಮದುವೆಯಾದಾಗಿನಿಂದ ವಾರಕ್ಕೆರಡು ಸಲ ದನದ ಫಾರಂಗಳಿಗೆ ಅಂಚೆ ಮುಟ್ಟಿಸುತ್ತಿರುವವಳು. ಕಾಗದ, ಔಷಧಿ, ಪಂಪಿನ ಬಿಡಿಭಾಗ, ಒಮ್ಮೆ ಯಾರದೋ ಹುಟ್ಟುಹಬ್ಬದ ಕೇಕು, ಏನು ಕೊಟ್ಟರೂ ತಲುಪಿಸಿದ್ದಾಳೆ. ಫಾರಂ ಗೇಟುಗಳಲ್ಲಿ ನಮಗೆ ಕೆಟ್ಟುಹೋದ ಫ್ರಿಜ್ಜೇ ಅಂಚೆಪೆಟ್ಟಿಗೆ. ಒಳಗೆ ಧೂಳು ಹೋಗುವುದಿಲ್ಲ, ಗಿಳಿಗಳು ಕಾಗದ ಹರಿಯುವುದಿಲ್ಲ. ಅವುಗಳ ಬಾಗಿಲು ಅವಳಷ್ಟು ಸಲ ತೆಗೆದವರು ಇನ್ನೊಬ್ಬರಿಲ್ಲ.

ಎದುರು ಗಾಡಿ ಬಂದರೆ ದೀಪ ತಗ್ಗಿಸಿ, ಸ್ಟೇರಿಂಗ್ ಮೇಲಿಂದ ತೋರುಬೆರಳೊಂದನ್ನು ಎತ್ತುವುದು ನಮ್ಮ ಕಡೆಯ ನಮಸ್ಕಾರ. ಎತ್ತದವನನ್ನು ಆರು ತಿಂಗಳು ಆಡಿಕೊಳ್ಳುತ್ತೇವೆ. ಲೋರ್ನಾ ಮಾತುಬಿಟ್ಟವರಿಗೂ ಬೆರಳೆತ್ತುತ್ತಿದ್ದಳು.

ದೀಪದ ಮಾತು ಎದ್ದದ್ದು ಅವಳು ಕಾಂಗರೂವೊಂದಕ್ಕೆ ಗುದ್ದಿಕೊಂಡು ಬಂದ ಮೇಲೆ.

"ದೀಪ ಮಂಕಾಗಿದೆ ಡೆಸ್, ಏನೂ ಕಾಣಲ್ಲ," ಎಂದಳು ಗಂಡನಿಗೆ.

ಡೆಸ್ ತಟ್ಟೆಯ ಕುರಿಮಾಂಸದಿಂದ ತಲೆ ಎತ್ತಲಿಲ್ಲ. "ಇಷ್ಟು ವರ್ಷ ಅದೇ ದೀಪದಲ್ಲಿ ಓಡಿಸಿದೀಯ. ಕತ್ತಲಾಗೋಕೆ ಮುಂಚೆ ಮನೆಗೆ ಬಾ, ಸಾಕು."

"ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗಿದ್ರೆ ನಾನೇನು ಮಾಡ್ಲಿ? ಸೂರ್ಯನ್ನ ಹಗ್ಗ ಹಾಕಿ ಎಳೀಲಾ?"

"ಹಾಗಿದ್ರೆ ಹಾಕಿಸ್ಕೋ ಮಾರಾಯ್ತಿ. ಪಟ್ಟಣದೋರ ಥರ ಟೋಪಿನೂ ಒಂದು ತಗೋ."

ನಿಜ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಹೊತ್ತು ಇಳಿದರೆ ರಸ್ತೆಗೆ ಹಾಲು ಚೆಲ್ಲಿದಂತಾಗುತ್ತಿತ್ತು. ಆ ಕಾಂಗರೂ ಗುದ್ದುವವರೆಗೂ ಅವಳಿಗೆ ಕಂಡಿರಲೇ ಇಲ್ಲ. ಡಾಕ್ಟರಿಗೆ ಕಣ್ಣು ತೋರಿಸಿದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ, ಲೈಸೆನ್ಸ್ ಹೋದರೆ ಅಂಚೆಯೂ ಹೋಯಿತು, ಆಮೇಲೆ ಅಡುಗೆಮನೆ ಕಿಟಕಿಯಲ್ಲಿ ನಿಂತು ಬೇರೆಯವರ ಗಾಡಿ ಎಬ್ಬಿಸಿದ ಧೂಳು ನೋಡಬೇಕು. ಆ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೆಳಕು ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಗ್ಯಾರೇಜಿನ ಬೆವನ್ ಗಾಡಿಯ ಮುಂದಿನ ಕಬ್ಬಿಣದ ಕಂಬಿಗೆ ಊಟದ ತಟ್ಟೆಯಷ್ಟು ಅಗಲದ ಎರಡು ದೀಪ ಬಿಗಿದು ಕೈ ಒರೆಸಿಕೊಂಡ. "ತಗೋ ಲೋರ್ನಾ. ಇದ್ರ ಬೆಳಕಲ್ಲಿ ಮುಂದಿನ ವಾರನೂ ಕಾಣ್ಸುತ್ತೆ."

ಮರುದಿನದ ಅಂಚೆ ಓಟಕ್ಕೆ ಡೆಸ್ ತಾನೂ ಬರುತ್ತೇನೆಂದು ಪಕ್ಕದಲ್ಲಿ ಕುಳಿತ. ದೀಪ ನೋಡಬೇಕೆಂದು ಬಾಯಲ್ಲಿ ಹೇಳಿದ. ಹೆಂಡತಿ ಇತ್ತೀಚೆಗೆ ಚಹಾ ಸುರಿಯುವಾಗಲೂ ಬಟ್ಟಲಿನ ಅಂಚು ಬೆರಳಲ್ಲಿ ಮುಟ್ಟಿ ನೋಡುವುದನ್ನು ಅವನು ಗಮನಿಸಿದ್ದ. ವಾಪಸು ಬರುವಾಗ ಹೊತ್ತು ಮುಳುಗಿತು. ಲೋರ್ನಾ ಹೊಸ ದೀಪ ಹಾಕಿದಳು. ಡೆಸ್‌ಗೆ ದೂರದ ಬೇಲಿಗೂಟ ಕೂಡ ಎದ್ದು ಕಂಡಿತು. ಲೋರ್ನಾಳ ಕಣ್ಣಿಗೆ ಹೆಚ್ಚಿದ ಬೆಳಕು ಹೆಚ್ಚಿದ ಹಾಲಾಗಿ ಬಂತು. ಕಣ್ಣು ಕಿರಿದು ಮಾಡಿ, ಮೂಗು ಗಾಜಿಗೆ ತಾಗುವಷ್ಟು ಬಾಗಿ ನಿಧಾನಕ್ಕೆ ಓಡಿಸಿದಳು.

ಐರಿಸ್ ಮ್ಯಾಕೆಲ್ವಿಯ ಫಾರಂ ಹತ್ತಿರ ರಸ್ತೆ ಕೊಂಚ ತಿರುಗುತ್ತದೆ. ಆ ತಿರುವಿನಲ್ಲಿ ಎದುರಿಗೆ ಬಿಳಿಯದೊಂದು, ಎರಡು ದೀಪ ಹೊಳೆಸುತ್ತ ಕಾಣಿಸಿತು. ಅಬ್ಬ, ಇದಾದರೂ ಕಂಡಿತಲ್ಲ ಎಂದುಕೊಂಡು ಲೋರ್ನಾ ದೀಪ ತಗ್ಗಿಸಿದಳು. ಎಡಕ್ಕೆ ಸರಿದು ದಾರಿ ಬಿಟ್ಟಳು. ತೋರುಬೆರಳು ಎತ್ತಿದಳು.

ಅದು ಐರಿಸ್‌ಳ ಫ್ರಿಜ್ಜು. ಯಾರೂ ಗುದ್ದದಿರಲಿ ಎಂದು ಅವಳು ಬಾಗಿಲಿಗೆ ಬೆಳಕು ಬಿದ್ದರೆ ಹೊಳೆಯುವ ಎರಡು ಬಿಲ್ಲೆ ಅಂಟಿಸಿದ್ದಳು. ಅದೇ ಬೆಳಿಗ್ಗೆ ಲೋರ್ನಾ ಅದರೊಳಗೆ ಅಂಚೆ ಇಟ್ಟು ಹೋಗಿದ್ದಳು.

ಡೆಸ್ ಕತ್ತು ತಿರುಗಿಸಿ, ಹಿಂದೆ ಉಳಿದ ಫ್ರಿಜ್ಜನ್ನು ನೋಡಿದ.

"ಫ್ರಿಜ್ಜು ತಿರುಗಿ ಬೆರಳೆತ್ತಿತಾ?" ಎಂದ.

ಲೋರ್ನಾ ಗಾಡಿ ನಿಲ್ಲಿಸಿದಳು. ನಗು ಬಂತು, ನಗುತ್ತಲೇ ಅಳು ಬಂತು. "ನಂಗೆ ಕಾಣಲ್ಲ ಡೆಸ್. ಹೊತ್ತಿಳಿದ್ರೆ ಏನೂ ಕಾಣಲ್ಲ. ಹೇಳಿದ್ರೆ ಮನೇಲಿ ಕೂರಿಸ್ತೀರ ಅಂತ ಹೇಳ್ಲಿಲ್ಲ. ಎದುರಿಗೆ ಯಾರಾದ್ರೂ ಮಗು ಬಂದಿದ್ರೆ ಏನಾಗ್ತಿತ್ತು?"

"ಬಂದಿಲ್ವಲ್ಲ. ಈ ಕಡೆ ಬಾ, ನಾನು ಓಡಿಸ್ತೀನಿ."

"ಲೈಸೆನ್ಸ್ ಕಿತ್ಕೋತಾರೆ."

"ಕಿತ್ಕೊಳ್ಳಲಿ, ಕಣ್ಣು ಸರಿಮಾಡಿ ವಾಪಸ್ ಕೊಡ್ತಾರೆ. ನಮ್ಮಮ್ಮಂಗೂ ಹೀಗೇ ಪೊರೆ ಬಂದಿತ್ತು, ತೆಗೆಸಿದ ಮೇಲೆ ನನ್ ಕಾಲರ್ ಕೊಳೆ ಎಲ್ಲಾ ಕಂಡು ಬೈತಿದ್ಲು. ಅಲ್ಲೀತನಕ ನಾನು ಓಡಿಸ್ತೀನಿ, ನೀನು ಫ್ರಿಜ್ಜಿನ ಬಾಗಿಲು ತೆಗಿ. ಅದಕ್ಕೆ ಹೇಗಿದ್ರೂ ನಿನ್ನ ಪರಿಚಯ ಇದೆ."

ವಿಮಾನದಲ್ಲಿ ಬಂದು ಹೋಗುವ ಕಣ್ಣಿನ ಡಾಕ್ಟರು ಪೊರೆಯೆಂದೇ ಹೇಳಿ, ಆಪರೇಷನ್ ಆಗುವವರೆಗೆ ಗಾಡಿ ಮುಟ್ಟಬಾರದೆಂದರು. ಲೋರ್ನಾ ಇಡೀ ಚಳಿಗಾಲ ಪಕ್ಕದ ಸೀಟಿನಲ್ಲಿ ಕೂತು ಗಂಡನ ಗೇರು ಬದಲಿಸುವ ಕೈಯನ್ನು ಬೈದಳು. ಅವನು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಸರದಿ ಬಂದಾಗ ಸಮುದ್ರದ ಕಡೆಯ ಆಸ್ಪತ್ರೆಗೆ ಕರೆದೊಯ್ದು ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮಾಡಿಸಿದ.

ಗಾಡಿ ಓಡಿಸಬಹುದೆಂದು ಡಾಕ್ಟರು ಒಪ್ಪಿದ ಮೇಲೆ ಲೋರ್ನಾ ಮೊದಲು ಹೋದದ್ದು ಬೆವನ್ ಹತ್ತಿರ. ದೀಪಗಳ ಧೂಳನ್ನು ಸೆರಗಿನಂತೆ ಜೋತುಬಿದ್ದ ತನ್ನ ಅಂಗಿಯ ತುದಿಯಿಂದ ಒರೆಸಿದಳು.

"ತೆಗೆದುಬಿಡ್ಲಾ?" ಎಂದ ಬೆವನ್.

"ಮುಟ್ಟಿದ್ರೆ ನೋಡು. ಈಗ ತಾನೇ ಇವು ಉಪಯೋಗಕ್ಕೆ ಬಂದಿರೋದು."

ಆ ಸಂಜೆ ಪಕ್ಕದಲ್ಲಿ ಡೆಸ್, ಸ್ಟೇರಿಂಗ್ ಅವಳ ಕೈಯಲ್ಲಿ. ಬಹಳ ಮುಂದೆ, ರಸ್ತೆಯಂಚಿನ ಹುಲ್ಲಿನಲ್ಲಿ ಎರಡು ಕಿವಿ ನೆಟ್ಟಗಾದದ್ದು ದೀಪಕ್ಕೆ ಸಿಕ್ಕಿತು. ಕೆಳಗೆ ಹೊಟ್ಟೆಯ ಚೀಲದಿಂದ ಇಣುಕುವ ಇನ್ನೆರಡು ಪುಟ್ಟ ಕಿವಿ. ಗಾಡಿ ನಿಧಾನ ಮಾಡಿದಳು. ತಾಯಿ ಕಾಂಗರೂ ಆರಾಮಾಗಿ ರಸ್ತೆ ದಾಟಿತು. ಲೋರ್ನಾ ಗಂಡನ ಮೊಣಕಾಲು ಒಮ್ಮೆ ಒತ್ತಿದಳು.

ತಿರುವಿನ ಹತ್ತಿರ ಬಂದಾಗ ಆಕಾಶದಲ್ಲಿ ಇನ್ನೂ ಕೆಂಪು ಉಳಿದಿತ್ತು. ಎದುರಿನಿಂದ ಐರಿಸ್‌ಳ ಗಾಡಿ ಬರುತ್ತಿತ್ತು. ಫ್ರಿಜ್ಜಿನ ಪಕ್ಕ ಬಂದದ್ದೇ ಐರಿಸ್ ದೀಪ ತಗ್ಗಿಸಿ, ಅದರ ಕಡೆ ತಿರುಗಿ ಗಂಭೀರವಾಗಿ ಬೆರಳೊಂದನ್ನು ಎತ್ತಿದಳು.

"ಡೆಸ್, ಊರಿಗೆಲ್ಲ ಹೇಳಿದೀಯಾ?"

"ಒಬ್ರಿಗೋ ಇಬ್ರಿಗೋ ಹೇಳಿದ್ದೆ. ಈಗ ಎಲ್ರೂ ಎತ್ತುತಾರೆ. ಪೊಲೀಸಿನೋನೂ ಎತ್ತುತಾನೆ." ಡೆಸ್ ಅವಳತ್ತ ತಿರುಗಿದ. "ಇಲ್ಲಿಂದ್ಲೇ ಅವಳ ಬೆರಳು ಕಾಣಿಸ್ತಾ ನಿಂಗೆ?"

"ಉಂಗುರನೂ ಕಾಣ್ತಿದೆ," ಎಂದಳು ಲೋರ್ನಾ. ಐರಿಸ್‌ಗೆ ಬೆರಳೆತ್ತಿದಳು, ಆಮೇಲೆ ಫ್ರಿಜ್ಜಿಗೂ ಎತ್ತಿದಳು.