ಇಬ್ಬರ ಕಳ್ಳನಿದ್ದೆ

ಪಿರಿಯಾಪಟ್ಟಣದಲ್ಲಿ ಜಮೀನು, ಮನೆಗಳ ಪತ್ರ ಬರೆಯುವುದು ನನ್ನ ವೃತ್ತಿ. ಕಳೆದ ವರ್ಷ ಒಂದು ವಿಭಾಗಪತ್ರ ಬರೆಯುತ್ತಿದ್ದಾಗ ಎಡಗೈ ತಾನೇ ಕುಣಿಯತೊಡಗಿತು. ಆಮೇಲಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ, ಜಮೀನಿಗಾಗಿ ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ಒಂದಾಗಿ ನನ್ನ ಕಾಲು ಹಿಡಿದಿದ್ದರು.

ಎಪಿಲೆಪ್ಸಿ ಎಂದರು ಮೈಸೂರಿನ ನ್ಯೂರಾಲಜಿಸ್ಟ್.

ಐವತ್ತೆಂಟನೆಯ ವಯಸ್ಸಿನಲ್ಲಿ.

ಮಾತ್ರೆ ಶುರುವಾಯಿತು. ಜೊತೆಗೆ ನನ್ನ ಹೆಂಡತಿ ಜಯಮ್ಮನ ಆಡಳಿತವೂ. ಬಚ್ಚಲಿನ ಚಿಲಕ ಕಿತ್ತುಹಾಕಲಾಯಿತು. ಒಳಗಿರುವಷ್ಟು ಹೊತ್ತೂ ನಾನು ಮಾತಾಡತಕ್ಕದ್ದು. ಮಾತು ನಿಂತರೆ ಅವಳು ಬಾಗಿಲು ತೆರೆಯತಕ್ಕದ್ದು. ಮೈಗೆ ಬಟ್ಟೆಯಿಲ್ಲದ ಮನುಷ್ಯ ಏನು ಮಾತಾಡಿಯಾನು? ಬಾಯಿಗೆ ಬರುವುದು ಪತ್ರದ ಚೆಕ್ಕುಬಂದಿಯೇ. ಪೂರ್ವಕ್ಕೆ ಮಾದೇಗೌಡರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಓಣಿ, ಉತ್ತರಕ್ಕೆ ಹಳ್ಳ. ದಕ್ಷಿಣಕ್ಕೆ ಬರುವಷ್ಟರಲ್ಲಿ ಕಣ್ಣಿಗೆ ಸೋಪು ಹೋಗಿ ತಡವರಿಸಿದರೆ ಜಯಮ್ಮ ಒಳಗೆ ಹಾಜರು.

ನಗುವ ವಿಷಯವೇ. ಆದರೆ ಮಾತ್ರೆ ತಪ್ಪದೆ ನುಂಗಿಯೂ ಇನ್ನೆರಡು ಸಲ ಬಿದ್ದೆ.

ಮುಂದಿನ ಸಲ ಹೋದಾಗ ಡಾಕ್ಟರು ನಿದ್ದೆಯ ಬಗ್ಗೆ ಕೇಳಿದರು. ಚೆನ್ನಾಗಿ ಮಲಗುತ್ತೇನೆ ಎಂದೆ. ಜಯಮ್ಮ ತಲೆ ತಗ್ಗಿಸಿದಳು.

“ಸುಳ್ಳು ಡಾಕ್ಟ್ರೇ. ಇವ್ರು ನಿದ್ದೆ ಮಾಡಲ್ಲ. ನಾನೂ ಮಾಡಲ್ಲ, ಇವ್ರ ಉಸಿರು ಕೇಳ್ಕೊಂಡು ಬಿದ್ದಿರ್ತೀನಿ.”

ಅವಳು ಮಲಗಲೆಂದು ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ನಾನು ಮಲಗಲೆಂದು ಅವಳು. ತಿಂಗಳುಗಟ್ಟಲೆ ಇಬ್ಬರದೂ ಕಳ್ಳನಿದ್ದೆ.

ಡಾಕ್ಟರು ಬಿಡಿಸಿ ಹೇಳಿದರು. ಕಾಯಿಲೆ ಮಿದುಳಿನದು, ಚಿಂತೆಯಿಂದ ಹುಟ್ಟಿದ್ದಲ್ಲ. ಆದರೆ ಆತಂಕ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವನಿಗೆ ಫಿಟ್ಸ್ ಬೇಗ ಬರುತ್ತದೆ, ಬಂದರೆ ಮತ್ತೆ ಆತಂಕ. ಡೋಸ್ ಬದಲಿಸಿದರು. ನಾನು ಬಿದ್ದರೆ ಅದುಮಿ ಹಿಡಿಯದೆ, ಬಾಯಿಗೆ ಏನೂ ತುರುಕದೆ, ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಎಂದು ಜಯಮ್ಮನಿಗೆ ಕಲಿಸಿದರು. ಏನು ಮಾಡಬೇಕೆಂದು ತಿಳಿದ ಮೇಲೆ ಅವಳ ಹೆದರಿಕೆ ಅರ್ಧ ಇಳಿಯಿತು. ಅವಳದು ಇಳಿದದ್ದು ಕಂಡು ನನ್ನದೂ.

ಏಳು ತಿಂಗಳಾಯಿತು, ಬಿದ್ದಿಲ್ಲ. ಇನ್ನು ಬೀಳುವುದೇ ಇಲ್ಲವೆಂದು ಬರೆದುಕೊಡಲಾರೆ.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಜಯಮ್ಮ ಗೋಡೆ ಕಡೆ ತಿರುಗಿ, ನನಗೆ ಬೆನ್ನು ಹಾಕಿ ಮಲಗಿದಳು. ನನ್ನ ಕಡೆಗೇ ಮುಖ ಮಾಡಿ ಮಲಗುತ್ತಿದ್ದವಳ ಬೆನ್ನನ್ನು ಎಷ್ಟೋ ದಿನದಿಂದ ನಾನು ನೋಡಿರಲೇ ಇಲ್ಲ. ಅಷ್ಟರಲ್ಲಿ ಹಾರನಹಳ್ಳಿ ಕಡೆಯ ಕಕ್ಷಿದಾರನೊಬ್ಬ ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಕರೆದ. ತುಟಿಗೆ ಬೆರಳಿಟ್ಟು ಅವನನ್ನು ಬೀದಿಗೆ ನಡೆಸಿಕೊಂಡು ಹೋದೆ.

“ಯಾಕ್ ಸಾಮಿ, ಅಮ್ಮಾರ್ಗೆ ಉಸಾರಿಲ್ವಾ?” ಎಂದ ಮೆಲ್ಲಗೆ.

“ಉಸಾರಾಗವ್ಳೆ ಕಣಪ್ಪ. ನಿದ್ದೆ ಮಾಡ್ತಾವ್ಳೆ. ಸಂಜೆ ಬಾ.”